ಎಂಟನೇ ತಿಂಗಳ ಉಸಿರು

ಆಟಿ ಹದಿನೆಂಟರ ಮರುದಿನ ನಮ್ಮ ಕಡೆ ಯಾರೂ ಮೂತ್ರದ ಬಣ್ಣ ನೋಡಿ ಹೆದರುವುದಿಲ್ಲ. ಹಿಂದಿನ ದಿನ ಮದ್ದುಸೊಪ್ಪಿನ ಪಾಯಸ ಉಂಡ ಮನೆಯಲ್ಲಿ ಅದು ಕೆಂಪಾಗಲೇಬೇಕು. ಆಗದಿದ್ದರೆ ಉಂಡವರು ಕಣ್ಣು ತಪ್ಪಿಸಿ ಬಟ್ಟಲನ್ನು ನಾಯಿಗೆ ಸುರಿದಿದ್ದಾರೆ ಎಂದೇ ಲೆಕ್ಕ. ಕಾಡಂಚಿನಲ್ಲಿ ಬೆಳೆಯುವ ಆ ಗಿಡದೊಳಗೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ ಹದಿನೆಂಟು ಬಗೆಯ ಮದ್ದು ಸೇರಿಕೊಳ್ಳುತ್ತದೆ ಎಂಬುದು ಕೊಡಗಿನವರ ನಂಬಿಕೆ. ಸೊಪ್ಪು ಕುದಿಸಿದ ನೀರು ಕಡು ನೇರಳೆಯಾಗುತ್ತದೆ, ಆ ನೀರಿನಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು ಹಾಕುತ್ತೇವೆ. ಹೊರಗಿನ ನೆಂಟರು ಉಂಡು, ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಬಿಳಿಚಿಕೊಂಡು ಹೊರಬರುವುದನ್ನು ನೋಡಿ ನಗುವುದು ನಮಗೆ ವರ್ಷಕ್ಕೊಂದು ಮೋಜು.

ಆ ವರ್ಷ ನನ್ನ ಮಗಳು ಚೊಚ್ಚಲ ಬಸುರಿ. ಕಕ್ಕಬೆಯಲ್ಲಿರುವ ಗಂಡನ ಮನೆಯಿಂದ ಮೂರ್ನಾಡಿನ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಏಳನೇ ತಿಂಗಳು ಮುಗಿಯುತ್ತಾ ಬಂದಿತ್ತು. ಮನೆಯಲ್ಲಿದ್ದದ್ದು ನಾನು, ಅವಳು, ಮತ್ತೆ ನನ್ನ ಅತ್ತೆ. ನನ್ನ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅತ್ತೆಗೂ ನನಗೂ ಜಗಳವಾಡಲು ನಡುವೆ ಬೇರೆ ಯಾರೂ ಇಲ್ಲದ್ದರಿಂದ ನೇರವಾಗಿಯೇ ಆಡುತ್ತೇವೆ. ಬಸುರಿಗೆ ಮದ್ದಿನ ಪಾಯಸ ಕೊಡಬೇಕೋ ಬೇಡವೋ ಎಂದು ಅಂದೂ ಒಂದು ಸುತ್ತು ಆಗಿತ್ತು. ಬೇಡ ಎಂದೆ ನಾನು. ನಾನು ಅತ್ತ ತಿರುಗಿದಾಗ ಅತ್ತೆ ಎರಡು ಚಮಚ ಮೊಮ್ಮಗಳ ಬಾಯಿಗೆ ಹಾಕಿದ್ದರು.

ಮರುದಿನ ಬೆಳಿಗ್ಗೆ ಮಗಳು ಬಚ್ಚಲಿನಲ್ಲಿ ಕೆಂಪು ಕಂಡಳು. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅವಳು ಹೇಳಿದ್ದು ಅಜ್ಜಿಗೆ.

“ಎಂತಕೆ ಹೆದರ್ದು ಗೂಡೆ? ಮದ್ದ್ ತಿಂದದಲ್ಲಾ, ಎಲ್ಲವ್ಕೂ ಹಂಗೇ ಆದು. ನಂದೂ ಕೆಂಪೇ ಉಟ್ಟು” ಎಂದು ಅತ್ತೆ ನಕ್ಕರು. ನಮ್ಮ ಮನೆಮಾತಿನಲ್ಲಿ ಗೂಡೆ ಎಂದರೆ ಹುಡುಗಿ, ಉಟ್ಟು ಎಂದರೆ ಉಂಟು. ಮಗಳೂ ನಕ್ಕಳು. ಈ ತಪ್ಪು ಕೊಡಗಿನ ಹೊರಗೆ ಬೇರೆಲ್ಲಾದರೂ ನಡೆಯುತ್ತಿತ್ತೇ? ಬೇರೆ ಯಾವ ಊರಿನ ಬಸುರಿಯಾದರೂ ಆ ಬಣ್ಣ ಕಂಡ ತಕ್ಷಣ ಕೂಗಿಕೊಳ್ಳುತ್ತಿದ್ದಳು. ನಮ್ಮವಳು ತಿಂಡಿ ತಿಂದು, ಮೊಬೈಲ್ ನೋಡುತ್ತಾ ಮಲಗಿದ್ದಳು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮಧ್ಯಾಹ್ನ ಮನೆಗೆ ಬಂದಾಗ ಅವಳು ಬಟ್ಟೆ ಬದಲಾಯಿಸುತ್ತಿದ್ದಳು. ಕೆಳಗೆ ಬಿದ್ದಿದ್ದ ಲಂಗದ ಮೇಲೆ ಅಂಗೈಯಗಲದ ಕಲೆ ಕಂಡಿತು. ಮದ್ದಿನ ಬಣ್ಣ ನೀರಿನಂತೆ ತೆಳ್ಳಗಿರುತ್ತದೆ, ಮೂತ್ರದಲ್ಲಿ ಮಾತ್ರ ಇರುತ್ತದೆ. ಇದು ಮಂದವಾಗಿತ್ತು.

“ನೋವುಟ್ಟಾ?” ಎಂದೆ.

“ನೋವು ಏನೂ ಇಲ್ಲೆ ಅವ್ವಾ. ಮದ್ದ್‌ದ್ ಬಣ್ಣ ಅಂತ ಅಜ್ಜಿ ಹೇಳ್ತ್.”

ನೋವಿಲ್ಲದ ರಕ್ತ. ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ ಹೀಗೆಯೇ ಹೋಗುತ್ತದೆ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು ಸ್ವಲ್ಪ ಕೆಳಗಿದೆ, ಗರ್ಭಕೋಶ ದೊಡ್ಡದಾದಂತೆ ಮೇಲಕ್ಕೆ ಸರಿಯಬಹುದು ಎಂದಿದ್ದರು. ಸರಿದಿರಲಿಲ್ಲ. ನಾನು ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಅಳಿಯನಿಗೆ ಫೋನ್ ಮಾಡಿ, ಮಡಿಕೇರಿಗೆ ಹೊರಟೆ. ಅತ್ತೆ ಅಂಗಳದಲ್ಲಿ ನಿಂತು “ಪಾಯಸದಿಂದ ಆತಾ?” ಎಂದು ಕೇಳಿದ್ದು ಕೇಳಿಸಿತು. ಕಾರು ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ರಕ್ತಸ್ರಾವ ಕಡಿಮೆಯಾಯಿತು, ಆದರೆ ಹೊಟ್ಟೆ ಆಗಾಗ ಬಿಗಿಯಾಗಲು ತೊಡಗಿತು. ಡಾಕ್ಟರಮ್ಮ ನನಗಿಂತ ಚಿಕ್ಕವರು, ಮಾತು ಕಡಿಮೆ.

“ಪಾಯಸಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ, ಮಾಸು ಕೆಳಗಿರೋದೇ ಕಾರಣ. ಹೊಟ್ಟೆ ಬಿಗಿ ನಿಲ್ಲೋಕೆ ಮಾತ್ರೆ ಕೊಡ್ತೀವಿ. ಮಗುವಿನ ಶ್ವಾಸಕೋಶಕ್ಕೆ ಅಂತ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಇವತ್ತೊಂದು, ನಾಳೆ ಒಂದು. ಅದು ಕೆಲಸ ಮಾಡೋವರೆಗಾದ್ರೂ ಮಗು ಒಳಗೇ ಇರಬೇಕು.”

“ಇರುತ್ತಾ?”

“ನೋಡೋಣ” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಮಾತಿಗೆ ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೇಳಲು ಯಾರಿಂದಲೂ ಆಗದು ಎನ್ನುವುದು ನನಗೂ ಗೊತ್ತಿದ್ದದ್ದರಿಂದ ಇನ್ನಷ್ಟು ಸಿಟ್ಟು ಬಂತು.

ನನಗೆ ಗೊತ್ತಿದ್ದದ್ದು ಹೀಗೆ. ಮದುವೆಗೆ ಮುಂಚೆ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ಇಲಿಯ ಭ್ರೂಣದಿಂದ ಸಾಸಿವೆಗಿಂತ ಚಿಕ್ಕದಾದ ಶ್ವಾಸಕೋಶದ ಮೊಳಕೆಯನ್ನು ಬಿಡಿಸಿ ತೆಗೆದು, ಗಾಜಿನ ಬಟ್ಟಲಿನಲ್ಲಿ ಬೆಳೆಸುವುದು ನನ್ನ ಪಾಲಿನ ಕೆಲಸ. ಬಿಡಿಸುವಾಗ ಉಸಿರು ಬಿಗಿಹಿಡಿಯಬೇಕು, ಜೋರಾಗಿ ಉಸಿರಾಡಿದರೆ ಕೈ ಅಲುಗುತ್ತಿತ್ತು.

ಶ್ವಾಸಕೋಶ ಹುಟ್ಟುವುದು ಅನ್ನನಾಳವಾಗಬೇಕಾದ ಕೊಳವೆಯ ಬದಿಯಲ್ಲಿ, ಎರಡು ಪುಟ್ಟ ಉಬ್ಬುಗಳಾಗಿ. ಆ ಉಬ್ಬಿಗೆ ತಾನು ಏನಾಗಬೇಕು ಎನ್ನುವುದು ತಾನಾಗಿ ಗೊತ್ತಿರುವುದಿಲ್ಲ. ಹೇಳುವವರು ಅದರ ಸುತ್ತಲಿನ ಜೀವಕೋಶಗಳು. ಅವು ಸಣ್ಣ ಪ್ರೋಟೀನೊಂದನ್ನು ಸ್ರವಿಸುತ್ತವೆ. ಅಂಥವಕ್ಕೆ ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ, ‘ಬೆಳೆ’ ಎಂದು ಹೇಳಿಕಳಿಸುವ ಅಂಶ ಎಂದಿಟ್ಟುಕೊಳ್ಳಿ. ಅದು ಎಲ್ಲಿ ಹೆಚ್ಚಿರುತ್ತದೋ ಅತ್ತ ಮೊಳಕೆಯ ತುದಿ ಚಾಚುತ್ತದೆ. ತುದಿ ಹತ್ತಿರ ಬಂದಾಗ ಅದೂ ಬೇರೊಂದು ಸಂಕೇತ ಕಳಿಸಿ, ಎದುರಿಗಿರುವವರನ್ನು ‘ಇನ್ನು ಸಾಕು’ ಎಂದು ಸುಮ್ಮನಾಗಿಸುತ್ತದೆ. ಎದುರಿನ ಕರೆ ನಿಂತು ಎರಡು ಪಕ್ಕಗಳಲ್ಲಿ ಕರೆ ಉಳಿದಾಗ ತುದಿ ಎರಡಾಗಿ ಕವಲೊಡೆಯುತ್ತದೆ. ಕರೆಯುವುದು, ಸಾಕೆನ್ನುವುದು, ಕವಲೊಡೆಯುವುದು. ಇದೇ ಮತ್ತೆ ಮತ್ತೆ ನಡೆದು ಗಾಳಿಯ ಕೊಳವೆಗಳ ಮರವೊಂದು ಎದೆ ತುಂಬುತ್ತದೆ. ನಮ್ಮ ತೋಟದಲ್ಲಿ ಕಾಫಿ ಗಿಡದ ತುದಿ ಚಿವುಟಿದರೆ ಪಕ್ಕದ ಕೊಂಬೆಗಳು ಚಿಗುರುವುದಿಲ್ಲವೇ, ನೋಡಲು ಹೆಚ್ಚುಕಡಿಮೆ ಹಾಗೆಯೇ.

ಆ ಪ್ರೋಟೀನಿನಲ್ಲಿ ನೆನೆಸಿದ ಮಣಿಯೊಂದನ್ನು ಮೊಳಕೆಯ ಪಕ್ಕದಲ್ಲಿಟ್ಟರೆ, ಮೊಳಕೆ ದಾರಿ ಬಿಟ್ಟು ಮಣಿಯತ್ತ ಬಾಗುತ್ತಿತ್ತು. ಸುತ್ತಲಿನ ಜೀವಕೋಶಗಳನ್ನು ಕಿತ್ತು ತೆಗೆದರೆ ಕವಲೇ ಒಡೆಯುತ್ತಿರಲಿಲ್ಲ. ಆ ಕರೆಯೇ ಇಲ್ಲದ ಇಲಿಮರಿಗಳು ಹುಟ್ಟುವಾಗ ಅವಕ್ಕೆ ಕಣ್ಣು, ಮೂಗು, ಶ್ವಾಸನಾಳ ಎಲ್ಲ ಇದ್ದು, ಅದರ ಕೆಳಗೆ ಶ್ವಾಸಕೋಶವೇ ಇರುವುದಿಲ್ಲ. ಇದನ್ನೆಲ್ಲ ಪ್ರತಿವರ್ಷ ಮಕ್ಕಳಿಗೆ ಪಾಠದ ನಡುವೆ ಕಥೆಯಾಗಿ ಹೇಳುತ್ತೇನೆ. ಪರೀಕ್ಷೆಗೆ ಬರುತ್ತದೋ ಎಂದು ಕೇಳುತ್ತಾರೆ, ಬರುವುದಿಲ್ಲ ಎಂದರೆ ಪೆನ್ನು ಕೆಳಗಿಡುತ್ತಾರೆ.

ಆದರೆ ನನ್ನನ್ನು ಆಗಲೂ ಈಗಲೂ ಕಾಡುವುದು ಬೇರೆ. ಹೊಟ್ಟೆಯೊಳಗೆ ಗಾಳಿಯಿಲ್ಲ. ಮಗುವಿಗೆ ಬೇಕಾದ ಆಮ್ಲಜನಕ ತಾಯಿಯ ರಕ್ತದಿಂದ ಬರುತ್ತದೆ, ಶ್ವಾಸಕೋಶದ ತುಂಬ ನೀರು. ಅಂದರೆ ತಾನು ಎಂದೂ ಕಾಣದ, ಮುಟ್ಟದ ಒಂದು ವಸ್ತುವಿಗಾಗಿ ಆ ಅಂಗ ತಿಂಗಳುಗಟ್ಟಲೆ ಸಿದ್ಧವಾಗುತ್ತದೆ. ಕೊಳವೆಗಳು ಮುಗಿದ ಮೇಲೆ ತುದಿಗಳಲ್ಲಿ ಚೀಲಗಳು ಮೂಡುತ್ತವೆ. ಮತ್ತೊಂದು ಗ್ರೋತ್ ಫ್ಯಾಕ್ಟರ್ ರಕ್ತನಾಳಗಳನ್ನು ಕರೆದು ಆ ಚೀಲಗಳಿಗೆ ಅಂಟಿಸಿ ಕೂರಿಸುತ್ತದೆ. ಕಟ್ಟಕಡೆಗೆ, ಚೀಲಗಳು ಗಾಳಿ ತುಂಬಿದ ಮೇಲೆ ಮತ್ತೆ ಒದ್ದೆಯಾಗಿ ಮುದುಡಿಕೊಳ್ಳದಂತೆ ಒಳಗೆ ಒಂದು ಜಿಡ್ಡು ಸವರಬೇಕು. ಆ ಜಿಡ್ಡು ಸಾಕಷ್ಟು ಆಗುವುದು ತೀರಾ ಕೊನೆಯ ತಿಂಗಳುಗಳಲ್ಲಿ. ಅದಿಲ್ಲದೆ ಹುಟ್ಟಿದ ಮಗು ಪ್ರತಿ ಉಸಿರಿಗೂ ಅಂಟಿಕೊಂಡ ಚೀಲಗಳನ್ನು ಹೊಸದಾಗಿ ಬಿಡಿಸಬೇಕಾಗುತ್ತದೆ, ಬಿಡಿಸಿ ಬಿಡಿಸಿ ಸುಸ್ತಾಗುತ್ತದೆ. ಡಾಕ್ಟರಮ್ಮ ಕೊಟ್ಟ ಇಂಜೆಕ್ಷನ್ ಆ ಜಿಡ್ಡಿನ ಕೆಲಸವನ್ನು ಅವಸರಪಡಿಸುವುದಕ್ಕೆ. ಅಲ್ಲಿಯೂ ನೆರೆಹೊರೆಯದೇ ಪಾತ್ರ: ಇಂಜೆಕ್ಷನ್ನಿನ ಸುದ್ದಿಯನ್ನು ಸುತ್ತಲಿನ ಜೀವಕೋಶಗಳೂ ಕೇಳಿಸಿಕೊಂಡು, ಜಿಡ್ಡು ಮಾಡುವ ಕೋಶಗಳಿಗೆ ತಮ್ಮದೇ ಗ್ರೋತ್ ಫ್ಯಾಕ್ಟರ್‌ನಲ್ಲಿ ದಾಟಿಸುತ್ತವೆ. ಸುದ್ದಿ ಹೋಗಿ, ಕೆಲಸ ಶುರುವಾಗಿ, ಸರಕು ತಯಾರಾಗಲು ಹೊತ್ತು ಬೇಕು. ನಮಗೆ ಬೇಕಾಗಿದ್ದದ್ದು ಆ ಹೊತ್ತು ಮಾತ್ರ.

ಮರುದಿನ ಎರಡನೇ ಇಂಜೆಕ್ಷನ್ ಆದ ಮೇಲೆ ಅತ್ತೆ ಬಂದರು. ಅಳಿಯನೇ ಹೋಗಿ ಕರೆತಂದಿದ್ದ. ಅವನು ಕಾಫಿ, ಏಲಕ್ಕಿಯ ಜೊತೆ ಹೋಂಸ್ಟೇ ನಡೆಸುವ ಹುಡುಗ, ಅತಿಥಿಗಳಿಗೆಲ್ಲ ಹೂಂ ಅಂದು ಅಂದು ಮನೆಯಲ್ಲೂ ಅದೇ ರೂಢಿ. ದಾರಿಯಲ್ಲಿ ಅತ್ತೆ ಅವನಿಗೆ ಏನೇನು ತುಂಬಿದ್ದರೋ, ಬಂದವನೇ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ, “ಅತ್ತೆ, ಹೊಟ್ಟೆ ಬಿಗಿ ನಿಲ್ಲಿಸುವ ಮಾತ್ರೆ ಇನ್ನು ಬೇಡ ಅಂತ ಡಾಕ್ಟರಿಗೆ ಹೇಳಿದರೆ ಹೇಗೆ?” ಎಂದ.

ನಾನು ಅವನನ್ನು ಬಿಟ್ಟು ಅತ್ತೆಯ ಮುಖ ನೋಡಿದೆ.

“ಬರ್ವ ಕೂಸ್ನ ಎಂತಕೆ ತಡೆದ್ ನಿಲ್ಸುದು? ಈಗ ಬರ್ಲಿ ಬುಡಿ” ಎಂದರು ಅತ್ತೆ. “ಬರ್ವ ವಾರ ಎಂಟಕ್ಕೆ ಬಿದ್ದದೆ. ಏಳರ ಕೂಸ್ ಬದ್ಕಿದೆ, ಎಂಟರದ್ ಬದ್ಕುದಿಲ್ಲೆ.”

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಮ್ಮ ಕಡೆ ಮಾತ್ರವಲ್ಲ, ಕುಶಾಲನಗರದ ಕಡೆಯಿಂದ ಬರುವ ನನ್ನ ಸಹೋದ್ಯೋಗಿಗಳ ಮನೆಗಳಲ್ಲೂ ಇದೇ ಮಾತು. ಏಳರಲ್ಲಿ ಹುಟ್ಟಿ ಬದುಕಿದ ಒಬ್ಬ ಗಟ್ಟಿ ಮುದುಕ ಪ್ರತಿ ಊರಿನಲ್ಲೂ ಇರುತ್ತಾನೆ, ಅವನನ್ನು ತೋರಿಸುತ್ತಾರೆ. ಏಳರಲ್ಲಿ ಹುಟ್ಟಿ ಹೋದವರನ್ನು ತೋರಿಸಲು ಆಗುವುದಿಲ್ಲ. ಅವನ್ನು ಹೆರಿಗೆ ಎಂದೇ ಕರೆಯದೆ ‘ಹೋಯಿತು’ ಎಂದು ಮುಗಿಸುತ್ತಿದ್ದರು. ಎಂಟರಲ್ಲಿ ಹುಟ್ಟಿದ ಮಗು ನೋಡಲು ಮಗುವಿನ ಹಾಗೆಯೇ ಇರುತ್ತದೆ. ಅದು ಹೋದರೆ ಮಾತ್ರ ನೆನಪು ಉಳಿಯುತ್ತದೆ. ಗಾದೆ ಹುಟ್ಟಿದ್ದು ಹೀಗಿರಬೇಕೆಂದು ನನ್ನ ಊಹೆ.

ಆದರೆ ಆ ವರಾಂಡದಲ್ಲಿ ಇಷ್ಟು ಸಮಾಧಾನದಿಂದ ಯೋಚಿಸಲಿಲ್ಲ. “ಶ್ವಾಸಕೋಶಕ್ಕೆ ಪಂಚಾಂಗ ಗೊತ್ತಿಲ್ಲೆ ಅತ್ತೆ!” ಎಂದು ಕೂಗಿದೆ. “ಒಂದ್ ದಿನ ಹೆಚ್ಚ್ ಒಳಗೆ ಇದ್ದರೆ ಅಷ್ಟ್ ಒಳ್ಳೆದ್. ನಿಮ್ಮ ಮಾತ್ ಕೇಳಿಯೇ ಗೂಡೆ ನಿನ್ನೆ ಬೆಳಿಗ್ಗೆಂದ ರಕ್ತ ಇಟ್ಕಂಡ್ ಮಲ್ಗಿದ್ದ್.”

ಹೇಳಬಾರದಿತ್ತು. ಬಾಯಿ ಜಾರಿದ ಮಾತು. ಅಳಿಯ ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿ ಓದತೊಡಗಿದ. ಅತ್ತೆ ತಂದಿದ್ದ ಗಂಜಿಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಪಕ್ಕದಲ್ಲಿ ಕುಳಿತು, ನನ್ನ ಕಡೆ ನೋಡದೆ ಹೇಳಿದರು:

“ನಿನ್ನ ಗಂಡಂಗಿಂತ ಮೊದ್ಲ್ ಒಂದ್ ಗೂಡೆ ಹುಟ್ಟಿತ್ತ್. ಎಂಟರಲ್ಲಿ. ಕೈಕಾಲ್ ಎಲ್ಲಾ ಸರಿ ಇತ್ತ್, ಉಗುರೂ ಇತ್ತ್. ಅತ್ತದೂ ಉಟ್ಟು. ಮತ್ತೆ ಉಸುರ್ ಎಳ್ಕಂಡ್ ಎಳ್ಕಂಡ್, ಸಂಜೆಗೆ ನೀಲಿ ಆಗಿ ಹೋತ್.”

ಅಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡಿದ್ದೇವೆ. ನನಗೆ ಈ ಮಗುವಿನ ಸುದ್ದಿ ಗೊತ್ತಿರಲಿಲ್ಲ. ನನ್ನ ಗಂಡನಿಗಾದರೂ ಗೊತ್ತಿತ್ತೋ ಇಲ್ಲವೋ. ಎದೆ ಎಳೆಯುವುದು, ಪ್ರತಿ ಉಸಿರಿಗೂ ಸಣ್ಣಗೆ ನರಳುವುದು, ಸಂಜೆಗೆ ನೀಲಿಯಾಗುವುದು: ನಾನು ಬಟ್ಟಲುಗಳ ಮೇಲೆ ಬಾಗಿ ಕಲಿತದ್ದರ ಕೊನೆಯನ್ನು ಅತ್ತೆ ಮಡಿಲಲ್ಲಿಟ್ಟುಕೊಂಡು ನೋಡಿದ್ದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಹಠಮಾರಿ ಮುದುಕಿ ಎಂದುಕೊಂಡಿದ್ದವರು ಹೆದರಿದ್ದರು.

ಅವರ ಪಕ್ಕದಲ್ಲಿ ಕುಳಿತು, ಕಾಲೇಜಿನಲ್ಲಿ ಎಂದೂ ಪಾಠ ಮಾಡದ ರೀತಿಯಲ್ಲಿ, ನಮ್ಮ ಮನೆಮಾತಿನಲ್ಲಿ ಎಲ್ಲ ಹೇಳಿದೆ. ಎಂಟನೇ ತಿಂಗಳು ಕೆಟ್ಟದ್ದಲ್ಲ, ಏಳಕ್ಕಿಂತ ಎಂಟು ಒಳ್ಳೆಯದು, ಎಂಟಕ್ಕಿಂತ ಒಂಬತ್ತು. ಗಾಳಿಯ ಚೀಲ ಅಂಟಿಕೊಳ್ಳದಂತೆ ಒಳಗೆ ಎಣ್ಣೆ ಸವರಿದ ಹಾಗೆ ಆಗಬೇಕು. ಆ ಮಗುವಿಗೆ ಅದು ಇನ್ನೂ ಆಗಿರಲಿಲ್ಲ. ಈ ಮಗುವಿಗೆ ಅದನ್ನು ಬೇಗ ಮಾಡು ಎಂದು ಸೂಜಿಯಲ್ಲಿ ಹೇಳಿಕಳಿಸಿದ್ದಾರೆ, ಮಾತು ಮುಟ್ಟಿ ಕೆಲಸ ಆಗುವ ತನಕ ತಡೆದುಕೊಳ್ಳಬೇಕು. ಅತ್ತೆ ಕೇಳಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಅಳಿಯನನ್ನು ಕರೆದು, “ಡಾಕ್ಟರ್ ಹೇಳ್ದಾಂಗೆ ಮಾಡಿ ನೀವು” ಎಂದರು. ಅವನು ಎಂದಿನಂತೆ ಹೂಂ ಎಂದ.

ಹೊಟ್ಟೆಯ ಬಿಗಿ ನಿಂತಿತು. ಇಂಜೆಕ್ಷನ್‌ಗೆ ಬೇಕಾದ ಹೊತ್ತು ಸಿಕ್ಕಿತು, ಅದರ ಮೇಲೆ ಇನ್ನೂ ಕೆಲವು ವಾರಗಳು ಸಿಕ್ಕವು. ಮಗಳು ಆಸ್ಪತ್ರೆಯ ಮಂಚ ಬಿಟ್ಟು ಕದಲಲಿಲ್ಲ. ನಾನು ರಜೆ ಹಾಕಿ ಅಲ್ಲೇ ಉಳಿದೆ. ಏಳನೇ ತಿಂಗಳು ಮುಗಿದು ಎಂಟಕ್ಕೆ ಬಿದ್ದ ದಿನ ಅತ್ತೆ ಬೆಳಿಗ್ಗೆಯಿಂದ ನೀರೂ ಕುಡಿಯಲಿಲ್ಲವೆಂದು ಮನೆಗೆಲಸದ ಹೆಂಗಸು ಫೋನಿನಲ್ಲಿ ದೂರು ಹೇಳಿದಳು. ನಾನು ಬೈಯಲಿಲ್ಲ. ನಾನೂ ಅಷ್ಟೇನೂ ಧೈರ್ಯವಂತೆಯಾಗಿರಲಿಲ್ಲ. ಎಲ್ಲ ಗೊತ್ತಿದ್ದೂ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಿರುತ್ತಿದ್ದೆ. ಒಳಗಿನ ಮಗು ನೀರನ್ನೇ ಒಳಗೆಳೆದು ಹೊರಬಿಡುತ್ತಾ ಉಸಿರಾಟದ ಅಭ್ಯಾಸ ಮಾಡುತ್ತದೆ ಎಂದು ಓದಿದ್ದೆ. ಸ್ಕ್ಯಾನಿಂಗ್‌ನಲ್ಲಿ ಅದರ ಎದೆ ಮೇಲೆ ಕೆಳಗೆ ಆಡುವುದನ್ನು ಕಣ್ಣಾರೆ ಕಂಡಾಗ, ಇಲಿಮರಿಗಳ ಕಾಲದಲ್ಲಿ ಬಾರದಿದ್ದ ಅಳು ಬಂತು.

ಎಂಟನೇ ತಿಂಗಳ ನಡುವೆ ಮತ್ತೆ ರಕ್ತ ಹೋಯಿತು. ಈ ಸಲ ಬಹಳ. ಡಾಕ್ಟರಮ್ಮ ‘ನೋಡೋಣ’ ಎನ್ನದೆ ನೇರ ಆಪರೇಷನ್‌ಗೆ ಕರೆದೊಯ್ದರು. ಅಳಿಯನ ಜೊತೆ ಅತ್ತೆ ಬಂದು ಬಾಗಿಲ ಹೊರಗೆ ನನ್ನ ಪಕ್ಕ ನಿಂತರು. ಕೂರಿ ಎಂದರೂ ಕೂರಲಿಲ್ಲ. ನಾನು ಪಾಠ ಮಾಡಿದ್ದೆಲ್ಲ ಆ ಬಾಗಿಲ ಎದುರು ಖಾಲಿಯಾಗಿತ್ತು. ಚೀಲಗಳು, ನಾಳಗಳು, ಸಂಕೇತಗಳು ಯಾವುದೂ ನೆನಪಿರಲಿಲ್ಲ. ಒಂದು ಸದ್ದಿಗಾಗಿ ಕಾಯುತ್ತಿದ್ದೆ, ಅಷ್ಟೆ.

ಸದ್ದು ಬಂತು. ದೊಡ್ಡ ಅಳುವೇನಲ್ಲ, ಬೆಕ್ಕಿನ ಮರಿಯಷ್ಟು. ನಿಂತಿತು. ಮತ್ತೆ ಬಂತು. ಮಲಯಾಳಿ ನರ್ಸೊಬ್ಬಳು ಹೊರಗೆ ಇಣುಕಿ, “ಗರ್ಲ್ ಬೇಬಿ, ಅಮ್ಮಾ ಓಕೆ ಇದ್ದಾರೆ” ಎಂದು ಬಾಗಿಲು ಹಾಕಿಕೊಂಡಳು. ಅಳಿಯ ಗೋಡೆಗೆ ಹಣೆ ಒತ್ತಿ ನಿಂತ.

ಮಗುವನ್ನು ಗಾಜಿನ ಕೋಣೆಯಲ್ಲಿಟ್ಟರು. ಮೂಗಿಗೆ ಗಾಳಿ ಒತ್ತುವ ಸಣ್ಣ ನಳಿಗೆ ಹಾಕಿದ್ದರು, ಚೀಲಗಳು ಮುಚ್ಚದಿರಲೆಂದು. ಒಂದೆರಡು ದಿನದಲ್ಲಿ ಅದನ್ನೂ ತೆಗೆದರು. ತೆಗೆದ ದಿನ ಮಧ್ಯಾಹ್ನ ಅತ್ತೆಯನ್ನು ಗಾಜಿನ ಹತ್ತಿರ ಕರೆದುಕೊಂಡು ಹೋದೆ. ಮಗುವಿನ ಎದೆ ತನ್ನಷ್ಟಕ್ಕೆ ಏರಿ ಇಳಿಯುತ್ತಿತ್ತು. ನರಳಾಟವಿರಲಿಲ್ಲ, ಮೈ ಕೆಂಪಗಿತ್ತು. ಅತ್ತೆ ಬಹಳ ಹೊತ್ತು ಅದರ ಎದೆಯನ್ನೇ ನೋಡಿದರು. ನಾನು ಅವರ ಮುಖವನ್ನು ನೋಡಿದೆ. ಖುಷಿ ಇತ್ತು, ಆದರೆ ಖುಷಿ ಮಾತ್ರ ಇರಲಿಲ್ಲ.

“ಆ ಸೂಜಿ ಹಾಕಿದ್ದರೆ ಅದೂ ಬದ್ಕ್‌ತಿತ್ತಾ?” ಎಂದರು.

ಯಾವುದು ಎಂದು ನಾನು ಕೇಳಲಿಲ್ಲ. “ಬದ್ಕ್‌ತಿತ್ತ್ ಅತ್ತೆ. ಹೆಚ್ಚು ಕಡ್ಮೆ ಬದ್ಕ್‌ತಿತ್ತ್. ಆಗ ಇಲ್ಲಿ ಯಾರ ಹತ್ರವೂ ಅದ್ ಇತ್ತಿಲ್ಲೆ.”

“ಹಂಗಾರೆ,” ಅತ್ತೆ ಗಾಜಿನಿಂದ ಕಣ್ಣು ತೆಗೆಯದೆ ಹೇಳಿದರು, “ನಾ ನಾಟಿ ಮಾಡಿಕೆ ಗದ್ದೆಗೆ ಇಳ್ದದರಿಂದ ಅಲ್ಲ?”

ಹಾಗೆಂದವರು ಯಾರು ಎಂದು ಕೇಳಿದಾಗ ತುಂಡು ತುಂಡಾಗಿ ಹೇಳಿದರು. ಅವರ ಅತ್ತೆ ಹೇಳಿದ್ದಂತೆ ಆ ಮಾತು: ಎಂಟರಲ್ಲಿ ಬಗ್ಗಿ ನಾಟಿ ಮಾಡಿದೆ, ನೀನೇ ತಿಂದೆ ಮಗುವನ್ನು. ಗದ್ದೆಗೆ ಕಳಿಸಿದ್ದೂ ಅವರ ಅತ್ತೆಯೇ. ಮಗು ಹೋದ ದುಃಖಕ್ಕೆ ಅಳಲೂ ಬಿಡದೆ, ಅಪರಾಧವನ್ನು ಮಡಿಲಿಗೆ ಕಟ್ಟಿದ್ದರು. ಅದನ್ನು ಹೊತ್ತುಕೊಂಡೇ ಅವರು ನನ್ನ ಗಂಡನನ್ನು ಹೆತ್ತಿದ್ದರು, ಸಾಕಿದ್ದರು, ನನ್ನೊಡನೆ ಜಗಳವಾಡಿದ್ದರು.

ಆ ಮಗು ಉಸಿರಾಡಲಾರದೆ ಹೋದದ್ದು ಯಾಕೆಂದು ನನಗೆ ಗೊತ್ತು. ಆದರೆ ಅದು ಅಷ್ಟು ಬೇಗ ಹುಟ್ಟಿದ್ದು ಯಾಕೆಂದು ನನಗೆ ಗೊತ್ತಿಲ್ಲ. ದಿನವಿಡೀ ಬಗ್ಗಿ ದುಡಿದದ್ದರಿಂದ ಇರಬಹುದು, ಇರಲಿಕ್ಕಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯಿರಿ, ಊಹೆ ಬರೆಯಬೇಡಿ ಎಂದು ತರಗತಿಯಲ್ಲಿ ಗದರಿಸುವವಳು ನಾನು.

“ಅಲ್ಲ ಅತ್ತೆ” ಎಂದೆ.

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ, ಎಲ್ಲರೂ ಓಡಾಡುವ ವರಾಂಡದಲ್ಲಿ, ಗಟ್ಟಿಯಾಗಿ ಅತ್ತರು. ನರ್ಸ್ ಓಡಿಬಂದು ಮಗು ಚೆನ್ನಾಗಿದೆಯಲ್ಲ, ಯಾಕೆ ಅಜ್ಜಿ ಅಳೋದು ಎಂದು ಕೇಳಿದಳು. ಅಳಲಿ ಬಿಡಿ, ಅವರದ್ದೊಂದು ಮಗು ಹೋಗಿದೆ ಎಂದೆ.